ಸೆರೆಬ್ರಲ್ ಪಾಲ್ಸಿ ಇರುವ ಮಗಳಿಗೆ ಸ್ಟೆಮ್ ಸೆಲ್ ಚಿಕಿತ್ಸೆ: ಸೈಟು ಮಾರಬೇಕೇ? ಅನುಭವಿಗಳು ದಯವಿಟ್ಟು ತಿಳಿಸಿ

ಕಬ್ಬಿನಗದ್ದೆ, ಪಾಂಡವಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಮೂರು ವರ್ಷ ಎಂಟು ತಿಂಗಳು. ದಿನ ತುಂಬುವ ಮೊದಲೇ, 31ನೇ ವಾರದಲ್ಲಿ, 1,400 ಗ್ರಾಂ ತೂಕದಲ್ಲಿ ಹುಟ್ಟಿ 24 ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ಇದ್ದವಳು. ವರ್ಷ ಕಳೆದರೂ ಕೂರುತ್ತಿಲ್ಲವೆಂದು ತೋರಿಸಿದಾಗ ಎಂಆರ್‌ಐ ಮಾಡಿಸಿ, ಇದು ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗೆ ಆದ ಪೆಟ್ಟಿನಿಂದ ಮೈಯ ಚಲನೆ ಕೆಡುವ ತೊಂದರೆ, ಅದರಲ್ಲಿಯೂ ಕಾಲುಗಳಲ್ಲಿ ಹೆಚ್ಚು ಬಿಗಿತವಿರುವ ಸ್ಪಾಸ್ಟಿಕ್ ಡೈಪ್ಲೀಜಿಯ ಎಂದರು. ಈಗ ಕೈ ಊರಿಕೊಂಡು ಕೂರುತ್ತಾಳೆ, ಹೊಟ್ಟೆಯ ಮೇಲೆ ತೆವಳುತ್ತಾಳೆ; ಎತ್ತಿ ನಿಲ್ಲಿಸಿದರೆ ಕಾಲುಗಳೆರಡೂ ಕತ್ತರಿಯ ಹಾಗೆ ಒಂದರ ಮೇಲೊಂದು ಬಂದು ತುದಿಗಾಲಿನಲ್ಲಿ ನಿಲ್ಲುತ್ತಾಳೆ. ಮಾತು ಹತ್ತು ಹದಿನೈದು ಪದ. ಬುದ್ಧಿ ಚುರುಕಾಗಿದೆ, ಟ್ರ್ಯಾಕ್ಟರ್ ಸದ್ದು ಕೇಳಿಸಿದರೆ ಅದು ನಮ್ಮದೋ ಪಕ್ಕದ ಮನೆಯವರದೋ ಎಂಬುದನ್ನು ಎದ್ದು ನೋಡದೆಯೇ ಹೇಳುತ್ತಾಳೆ.

ಕಳೆದ ತಿಂಗಳು ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ ಹೊರರಾಜ್ಯದ ಆಸ್ಪತ್ರೆಯೊಂದರವರು ಉಚಿತ ತಪಾಸಣಾ ಶಿಬಿರ ಮಾಡಿದರು. ಮಗುವಿನ ಸೊಂಟದ ಮೂಳೆಯಿಂದ ಅಸ್ಥಿಮಜ್ಜೆ ತೆಗೆದು, ಅದರಲ್ಲಿರುವ, ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳನ್ನು ಬೇರ್ಪಡಿಸಿ, ಬೆನ್ನಿಗೆ ಸೂಜಿ ಹಾಕಿ ಮೆದುಳಿಗೆ ಹೋಗುವ ನೀರಿನೊಳಗೆ ಸೇರಿಸುತ್ತಾರಂತೆ. ಒಟ್ಟು ಮೂರು ಸಲ ಮಾಡಿಸಬೇಕು, ಒಂದು ಸಲಕ್ಕೆ ಎರಡೂವರೆ ಲಕ್ಷ ರೂಪಾಯಿ. ಐದು ವರ್ಷದೊಳಗೆ ಮಾಡಿಸದಿದ್ದರೆ ಪ್ರಯೋಜನವಿಲ್ಲವೆಂದು ಹೇಳಿ, ಮುಂದಿನ ತಿಂಗಳ 10ರೊಳಗೆ ಮುಂಗಡ ಕಟ್ಟಿದರೆ ರಿಯಾಯಿತಿ ಉಂಟೆಂದೂ ಹೇಳಿದರು. ಅಸ್ಥಿಮಜ್ಜೆ ಚಿಕಿತ್ಸೆಗೆ ಸರ್ಕಾರದ ಒಪ್ಪಿಗೆ ಇದೆ ಎಂದರು. ಕುತ್ತಿಗೆ ನಿಲ್ಲದ ಮಗು ನಾಲ್ಕು ತಿಂಗಳಲ್ಲಿ ಕುರ್ಚಿಯಲ್ಲಿ ಕೂತು ಬಿಸ್ಕತ್ತು ತಿನ್ನುವ ವಿಡಿಯೊ ತೋರಿಸಿದರು.

ನಮ್ಮಲ್ಲಿ ಇರುವುದು ಮಂಡ್ಯದಲ್ಲಿ ಮೂವತ್ತು ನಲವತ್ತರ ಒಂದು ಸೈಟು. ಮಾರಿಬಿಡು ಎಂದು ಭಾವ, ಬೇಡ ಎಂದು ಅಪ್ಪ. ನನ್ನ ಹೆಂಡತಿಯದು ಒಂದೇ ಪ್ರಶ್ನೆ: ನಾಳೆ ಮಗಳೇ ದೊಡ್ಡವಳಾಗಿ, ಅವತ್ತು ಸೈಟು ಇತ್ತಲ್ಲ, ಯಾಕೆ ಮಾಡಿಸಲಿಲ್ಲ ಎಂದರೆ ಏನು ಹೇಳುವುದು? ಇದಕ್ಕೆ ನನ್ನ ಬಳಿ ಉತ್ತರವಿಲ್ಲ.


ಮಕ್ಕಳ ಫಿಸಿಯೊ, ಮೈಸೂರು

ನಾನು ಹದಿನಾಲ್ಕು ವರ್ಷದಿಂದ ಇಂಥ ಮಕ್ಕಳಿಗೆ ಫಿಸಿಯೊಥೆರಪಿ ಮಾಡುತ್ತಿದ್ದೇನೆ. ಮಗುವನ್ನು ಕಣ್ಣಾರೆ ನೋಡದೆ ಹೆಚ್ಚು ಹೇಳಬಾರದು. ಆದರೂ ನಿಮ್ಮ ವಿವರಣೆಯಲ್ಲಿ ಇರಬೇಕಾಗಿದ್ದ ಎರಡು ವಿಷಯಗಳು ಇಲ್ಲ. ಸ್ಟೆಮ್ ಸೆಲ್ ಬೇಕೋ ಬೇಡವೋ ಎಂಬುದಕ್ಕಿಂತ ಅವು ಮೊದಲು ಬರುತ್ತವೆ.

ಮೊದಲನೆಯದು ಮಗುವಿನ ಹಂತ. ಸೆರೆಬ್ರಲ್ ಪಾಲ್ಸಿಯ ಮಕ್ಕಳನ್ನು ಚಲನೆಯ ಸಾಮರ್ಥ್ಯದ ಮೇಲೆ ಒಂದರಿಂದ ಐದರವರೆಗೆ ವಿಂಗಡಿಸುವ ಜಿಎಂಎಫ್‌ಸಿಎಸ್ ಎಂಬ ಪದ್ಧತಿ 1997ರಿಂದ ಬಳಕೆಯಲ್ಲಿದೆ. ಆಸರೆಯಿಲ್ಲದೆ ನಡೆಯುವ, ಓಡುವುದರಲ್ಲಷ್ಟೇ ಹಿಂದೆ ಬೀಳುವ ಮಗು ಒಂದನೇ ಹಂತ. ಕುತ್ತಿಗೆಯನ್ನೂ ಹಿಡಿದು ನಿಲ್ಲಿಸಲಾಗದ ಮಗು ಐದನೇ ಹಂತ. ನೀವು ಹೇಳಿದ್ದನ್ನು ನೋಡಿದರೆ ನಿಮ್ಮ ಮಗಳು ಮೂರು ಅಥವಾ ನಾಲ್ಕರಲ್ಲಿ ಇರಬಹುದು. ಶಿಬಿರದವರು ಹಂತ ಬರೆದುಕೊಟ್ಟಿದ್ದಾರೆಯೇ? ಬರೆದಿಲ್ಲದಿದ್ದರೆ, ಚಿಕಿತ್ಸೆಯ ನಂತರ ಎಷ್ಟು ಸುಧಾರಣೆಯಾಯಿತೆಂದು ಯಾವುದಕ್ಕೆ ಹೋಲಿಸಿ ಹೇಳುತ್ತಾರೆ?

ಎರಡನೆಯದು ಸೊಂಟದ ಎಕ್ಸ್-ರೇ. ತೊಡೆಯ ಸ್ನಾಯುಗಳು ಸದಾ ಒಳಕ್ಕೆ ಎಳೆಯುತ್ತಿರುವುದರಿಂದ ತೊಡೆಮೂಳೆಯ ಗುಂಡು ನಿಧಾನವಾಗಿ ಕೀಲಿನ ಬಟ್ಟಲಿನಿಂದ ಆಚೆ ಸರಿಯುತ್ತದೆ. ಒಟ್ಟಾರೆ ಮೂವರಲ್ಲಿ ಒಬ್ಬರಿಗೆ, ಐದನೇ ಹಂತದವರಲ್ಲಿ ಹತ್ತಿರ ಹತ್ತಿರ 90 ಶೇಕಡಾ ಮಕ್ಕಳಿಗೆ ಹೀಗಾಗುತ್ತದೆ. ಮೊದಮೊದಲು ನೋವಿರುವುದಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ನೋವು ಶುರುವಾಗುವ ಹೊತ್ತಿಗೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗಿರುತ್ತದೆ. ಮೊದಲೇ ಕಂಡುಹಿಡಿದರೆ ಸಣ್ಣದರಲ್ಲಿ ಮುಗಿಯಬಹುದು. ಏಳೂವರೆ ಲಕ್ಷದ ಲೆಕ್ಕ ಹಾಕುವ ಮುಂಚೆ ಕೆಲವು ನೂರು ರೂಪಾಯಿಯ ಈ ಎಕ್ಸ್-ರೇ ಆಗಿದೆಯೇ, ಆಗಿದ್ದರೆ ಯಾವಾಗ ಎಂದು ತಿಳಿಸಿ. ನನ್ನ ಬಳಿ ಬರುವ ಪೋಷಕರಲ್ಲಿ ಎಷ್ಟೋ ಮಂದಿ ಎಂಆರ್‌ಐ ಮೂರು ಸಲ ಮಾಡಿಸಿರುತ್ತಾರೆ. ಸೊಂಟದ ಎಕ್ಸ್-ರೇ ಒಂದು ಸಲವೂ ಆಗಿರುವುದಿಲ್ಲ.


ಇಬ್ಬರ ತಾಯಿ, ಸರಸ್ವತಿಪುರಂ

ನಾವು 2019ರಲ್ಲಿ ಮಾಡಿಸಿದೆವು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ಮಗನಿಗೆ ಆಗ ನಾಲ್ಕು ವರ್ಷ. ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇಡಿಸಿ, ಬೆಳಿಗ್ಗೆ ಅರಿವಳಿಕೆ ಕೊಟ್ಟು ಸೊಂಟದ ಹಿಂಭಾಗದ ಮೂಳೆಯಿಂದ ಮಜ್ಜೆ ತೆಗೆದರು. ಮಧ್ಯಾಹ್ನ ಬೆನ್ನಿಗೆ ಸೂಜಿ ಹಾಕಿದರು. ಆಮೇಲೆ ಹಲವು ಗಂಟೆ ಅಂಗಾತ ಮಲಗಿಸಬೇಕಾಗಿತ್ತು. ಎರಡು ದಿನ ಏನು ತಿಂದರೂ ವಾಂತಿ. ತಲೆನೋವೆಂದು ಹೇಳಲು ಅವನಿಗೆ ಮಾತು ಬರುತ್ತಿರಲಿಲ್ಲ; ಮುಷ್ಟಿ ಕಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದ. ಅದನ್ನು ನಾನು ಇನ್ನೂ ಮರೆತಿಲ್ಲ.

ಮೂರು ತಿಂಗಳಲ್ಲಿ ಸುಧಾರಣೆ ಆಯಿತು. ಇದನ್ನು ಬಚ್ಚಿಟ್ಟರೆ ಸುಳ್ಳು ಹೇಳಿದಂತಾಗುತ್ತದೆ. ಜೊಲ್ಲು ಸುರಿಯುವುದು ಕಡಿಮೆಯಾಯಿತು, ಬೆನ್ನು ನೆಟ್ಟಗೆ ನಿಲ್ಲತೊಡಗಿತು. ನಮ್ಮ ರಸ್ತೆಯವರಿಗೆಲ್ಲ ಇದು ಸ್ಟೆಮ್ ಸೆಲ್‌ನಿಂದಲೇ ಆದದ್ದೆಂದು ನಾನೇ ಹೇಳಿದೆ, ಇಬ್ಬರನ್ನು ಅಲ್ಲಿಗೆ ಕಳುಹಿಸಿಯೂಕೊಟ್ಟೆ. ಆದರೆ ಅಲ್ಲಿ ಇನ್ನೊಂದೂ ನಡೆದಿತ್ತು. ಇಲ್ಲಿರುವಾಗ ಅವನಿಗೆ ವಾರಕ್ಕೆ ಎರಡು ದಿನ ಮುಕ್ಕಾಲು ಗಂಟೆಯ ಥೆರಪಿ ಮಾತ್ರ ಸಿಗುತ್ತಿತ್ತು. ಅಲ್ಲಿ ಮೂರನೇ ದಿನದಿಂದ ಪ್ರತಿದಿನ ನಾಲ್ಕು ಗಂಟೆ ಫಿಸಿಯೊ, ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ, ಸ್ಪೀಚ್ ಎಲ್ಲವನ್ನೂ ಮಾಡಿಸಿದರು. ಹೊರಡುವಾಗ, ಕೋಶಗಳು ಕೆಲಸ ಮಾಡಬೇಕಾದರೆ ಮನೆಯಲ್ಲಿ ದಿನಕ್ಕೆ ಎರಡು ಗಂಟೆ ಇದನ್ನೆಲ್ಲ ಮಾಡಿಸಲೇಬೇಕು ಎಂದು ಪುಸ್ತಕವೊಂದನ್ನು ಕೊಟ್ಟರು. ಅಷ್ಟು ಹಣ ಕೊಟ್ಟಿದ್ದೇವಲ್ಲ, ಒಂದು ದಿನವೂ ತಪ್ಪಿಸಲಿಲ್ಲ. ಎರಡನೇ ಸಲಕ್ಕೆ ಫೋನ್ ಬಂದಾಗ ನಮ್ಮ ಕೈ ಖಾಲಿಯಾಗಿತ್ತು. ಆದರೂ ಪುಸ್ತಕದಲ್ಲಿದ್ದುದನ್ನು ಬಿಡಲಿಲ್ಲ. ಮುಂದಿನ ಆರು ತಿಂಗಳೂ ಅದೇ ವೇಗದಲ್ಲಿ ಸುಧಾರಿಸಿದ. ಆವಾಗ ನನಗೆ ಅನುಮಾನ ಶುರುವಾಯಿತು.

ವಿಡಿಯೊ ವಿಷಯ ಬರೆದಿದ್ದೀರಿ. ನಮ್ಮ ಮಗನದೂ ತೆಗೆದಿದ್ದರು. "ಮೊದಲು" ಎಂಬ ವಿಡಿಯೊ ತೆಗೆದದ್ದು ನಾವು ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬೆಳಿಗ್ಗೆ ಇಳಿದ ದಿನ. ನಿದ್ದೆಗೆಟ್ಟು, ಹೊಸ ಜಾಗಕ್ಕೆ ಹೆದರಿ ಅಳುತ್ತಿದ್ದ. ಅತ್ತರೆ ಈ ಮಕ್ಕಳ ಮೈ ಮರದ ಹಾಗೆ ಬಿಗಿಯುತ್ತದೆಂದು ಇಲ್ಲಿರುವ ತಾಯಂದಿರಿಗೆಲ್ಲ ಗೊತ್ತು. "ನಂತರ" ಎಂಬುದನ್ನು ನಮ್ಮ ಮನೆಯ ಹಜಾರದಲ್ಲಿ, ಊಟ ಮಾಡಿ ನಗುತ್ತಿದ್ದಾಗ ನಾನೇ ತೆಗೆದು ಕಳುಹಿಸಿದೆ.


ನಿವೃತ್ತ ಉಪನ್ಯಾಸಕ, ಕುವೆಂಪುನಗರ

ಜೀವಶಾಸ್ತ್ರ ಪಾಠ ಮಾಡಿದವನು ನಾನು, ವೈದ್ಯನಲ್ಲ. ಮೊಮ್ಮಗನಿಗೆ ಈ ತೊಂದರೆ ಇರುವುದರಿಂದ ಓದಬೇಕಾಯಿತು. ಸರಸ್ವತಿಪುರಂ ತಾಯಿಯವರ ಅನುಮಾನ ಬಹಳ ಸರಿಯಾದ ಅನುಮಾನ. ಅದನ್ನು ಪರಿಹರಿಸಲು ಇರುವ ದಾರಿ ಒಂದೇ: ಒಂದೇ ಬಗೆಯ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕೋಶಗಳನ್ನೂ ಇನ್ನೊಂದಕ್ಕೆ ಹಾಗೆಯೇ ಕಾಣುವ ಖಾಲಿ ದ್ರವವನ್ನೂ ಕೊಟ್ಟು, ಯಾರಿಗೆ ಯಾವುದು ಸಿಕ್ಕಿತೆಂದು ಪೋಷಕರಿಗಾಗಲಿ ಅಳೆಯುವವರಿಗಾಗಲಿ ತಿಳಿಯದ ಹಾಗೆ ನೋಡಿಕೊಳ್ಳುವುದು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಹೀಗೆ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದರಿಂದ ಆರು ವರ್ಷದ 63 ಮಕ್ಕಳು. ಹುಟ್ಟಿದಾಗ ಶೇಖರಿಸಿಟ್ಟಿದ್ದ ಅವರವರದೇ ಹೊಕ್ಕುಳಬಳ್ಳಿಯ ರಕ್ತವನ್ನು ಅವರಿಗೆ ರಕ್ತನಾಳದ ಮೂಲಕ ಕೊಡಲಾಯಿತು. ವರ್ಷದ ಕೊನೆಗೆ ಎರಡು ಗುಂಪುಗಳ ಸರಾಸರಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ದೇಹತೂಕದ ಪ್ರತಿ ಕಿಲೋಗೆ ಎರಡು ಕೋಟಿಗಿಂತ ಹೆಚ್ಚು ಕೋಶ ಸಿಕ್ಕಿದ ಮಕ್ಕಳು ವಯಸ್ಸಿಗೆ ನಿರೀಕ್ಷಿಸುವುದಕ್ಕಿಂತ ತುಸು ಹೆಚ್ಚು ಸುಧಾರಿಸಿದ್ದರು. ಇನ್ನು 2025ರಲ್ಲಿ, 11 ಅಧ್ಯಯನಗಳಲ್ಲಿದ್ದ ಸುಮಾರು 500 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ ಪ್ರಕಟವಾಯಿತು. ಹೊಕ್ಕುಳಬಳ್ಳಿ ರಕ್ತದಿಂದ ಚಲನೆಯಲ್ಲಿ ಲಾಭವಿದೆ, ಆದರೆ ನೂರು ಅಂಕದ ಅಳತೆಯಲ್ಲಿ ಸರಾಸರಿ ಒಂದೂವರೆ ಅಂಕದಷ್ಟು. ಐದು ವರ್ಷದೊಳಗಿನವರಿಗೆ, ತೊಂದರೆ ಸೌಮ್ಯವಾಗಿರುವವರಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಆದ್ದರಿಂದ ಎಲ್ಲವೂ ಬೊಗಳೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಆದರೆ ಪಾಂಡವಪುರದ ಅಪ್ಪನಿಗೆ ಮಾರುತ್ತಿರುವುದು ಇದನ್ನಲ್ಲ. ಅಧ್ಯಯನವಾದದ್ದು ಹೊಕ್ಕುಳಬಳ್ಳಿ ರಕ್ತದ್ದು, ಮಾರುತ್ತಿರುವುದು ಅಸ್ಥಿಮಜ್ಜೆಯ ಕೋಶ. ಅಲ್ಲಿ ಕೊಟ್ಟದ್ದು ನಾಳಕ್ಕೆ, ಇಲ್ಲಿ ಬೆನ್ನಿಗೆ ಸೂಜಿ. ಅಲ್ಲಿ ಸಿಕ್ಕಿದ್ದು ಒಂದೂವರೆ ಅಂಕ, ಇಲ್ಲಿ ತೋರಿಸುವುದು ಕುರ್ಚಿಯಲ್ಲಿ ಕೂತು ಬಿಸ್ಕತ್ತು ತಿನ್ನುವ ವಿಡಿಯೊ. ಹೆಸರು ಮಾತ್ರ ಒಂದೇ. ಸ್ಟೆಮ್ ಸೆಲ್, ಅಂದರೆ ಆಕರಕೋಶ, ಎಂಬುದು ಒಂದೇ ವಸ್ತುವಿನ ಹೆಸರಲ್ಲ; ಅಕ್ಕಿಗೂ ರಾಗಿಗೂ ಧಾನ್ಯವೆನ್ನುವ ಹಾಗೆ ಅದು ಒಂದು ವರ್ಗದ ಹೆಸರು.

ಶಿಬಿರದಲ್ಲಿ ಹೆದರಿಸಿದ "ಐದು ವರ್ಷದೊಳಗೆ" ಎಂಬುದರ ಬಗ್ಗೆಯೂ ಹೇಳಬೇಕು. ಅದರಲ್ಲಿ ನಿಜದ ಎಳೆಯೊಂದಿದೆ. ಕೆನಡಾದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಬೆಳವಣಿಗೆಯ ರೇಖೆಗಳ ಪ್ರಕಾರ, ಒಂದನೇ ಹಂತದ ಮಕ್ಕಳು ತಾವು ಮುಟ್ಟಬಹುದಾದ ಚಲನಶಕ್ತಿಯ 90 ಶೇಕಡಾವನ್ನು ಸುಮಾರು 4.8 ವರ್ಷಕ್ಕೆ, ಐದನೇ ಹಂತದವರು 2.7 ವರ್ಷಕ್ಕೆ ಮುಟ್ಟುತ್ತಾರೆ. ಆದರೆ ಈ ರೇಖೆ ಮಾರುವವರ ವಿರುದ್ಧವೂ ಸಾಕ್ಷಿ ಹೇಳುತ್ತದೆ. ಎರಡು ಮೂರು ವರ್ಷದ ಮಗು ಯಾವ ಕೋಶವನ್ನೂ ಹಾಕಿಸಿಕೊಳ್ಳದೆಯೇ ಆ ರೇಖೆಯ ಮೇಲೆ ಏರುತ್ತಲೇ ಇರುತ್ತದೆ. ಏರುತ್ತಿರುವ ಮಗುವಿಗೆ ನಡುವೆ ಏನು ಕೊಟ್ಟರೂ, ಬೆಲ್ಲದ ನೀರು ಕೊಟ್ಟರೂ, ನಾಲ್ಕು ತಿಂಗಳಾದ ಮೇಲೆ ತೆಗೆದ ವಿಡಿಯೊ ಚೆನ್ನಾಗಿಯೇ ಇರುತ್ತದೆ.

ಕೋಶಗಳು ಮೆದುಳಿಗೆ ಹೋಗಿ ಹೊಸ ನರಕೋಶಗಳಾಗುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾಳಕ್ಕೆ ಕೊಟ್ಟ ಕೋಶಗಳಲ್ಲಿ ಬಹುಪಾಲು ಮೊದಲು ಶ್ವಾಸಕೋಶದಲ್ಲಿಯೇ ಸಿಕ್ಕಿಬೀಳುತ್ತವೆ. ಸತ್ತ ಭಾಗವನ್ನು ತುಂಬುವುದಲ್ಲ, ಅವು ಸ್ರವಿಸುವ ರಾಸಾಯನಿಕಗಳಿಂದ ಉರಿಯೂತ ತಗ್ಗಿ ಉಳಿದ ಭಾಗಕ್ಕೆ ನೆರವಾಗಬಹುದು ಎಂಬುದೇ ಈಗಿನ ಊಹೆ.


ಹನ್ನೊಂದರ ಅಪ್ಪ, ಹುಣಸೂರು

ಎಲ್ಲವನ್ನೂ ಓದಿದೆ. ನಿಮ್ಮ ಮಾತಿನಲ್ಲಿ ತಪ್ಪು ಹುಡುಕಲಾರೆ, ಆದರೆ ಸಿಟ್ಟು ಬರುತ್ತದೆ. ನನ್ನ ಮಗನಿಗೆ ಹನ್ನೊಂದು ವರ್ಷ. ಅವನಿಗೆ ಮೂರಾಗಿದ್ದಾಗ ನನಗೂ ಹೀಗೆಯೇ ಹೇಳಿದರು: ಸಾಕ್ಷ್ಯ ಸಾಲದು, ಕಾಯಿರಿ, ಸಂಶೋಧನೆ ನಡೆಯುತ್ತಿದೆ. ಕಾದೆ. ಸಂಶೋಧನೆ ನಡೆಯುತ್ತಲೇ ಇದೆ, ಅವನು ಮಲಗಿಯೇ ಇದ್ದಾನೆ. ಥೆರಪಿ ಮಾಡಿಸಿ ಎನ್ನುತ್ತೀರಿ. ಹುಣಸೂರಿನಿಂದ ಮೈಸೂರಿಗೆ ಹದಿನೆಂಟು ಕಿಲೋ ತೂಕದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ವಾರಕ್ಕೆ ಮೂರು ದಿನ ಹೋಗಿಬಂದಿದ್ದೀರಾ? ಕೂಲಿ ಹೋಗುತ್ತದೆ, ಹೆಂಡತಿಯ ಬೆನ್ನು ಹೋಗುತ್ತದೆ. ಸ್ಟೆಮ್ ಸೆಲ್‌ನವರು ಕನಿಷ್ಠ ನಮ್ಮ ಊರಿಗೆ ಬಂದು, ಮಗುವನ್ನು ಮುಟ್ಟಿ, ಹೆಸರು ಹಿಡಿದು ಮಾತನಾಡಿಸುತ್ತಾರೆ. ಬೇರೆ ಯಾರು ಬಂದಿದ್ದಾರೆ?


ಮಕ್ಕಳ ಫಿಸಿಯೊ, ಮೈಸೂರು

ಅಣ್ಣಾ, ನಿಮ್ಮ ಸಿಟ್ಟು ನಮ್ಮಂಥವರ ಮೇಲೆ ಇರಬೇಕಾದದ್ದೇ. ವಾರಕ್ಕೆ ಮೂರು ದಿನ ಮೈಸೂರಿಗೆ ಬನ್ನಿ ಎಂದು ಬರೆದುಕೊಡುವ ನಾವು ಆ ಬಸ್ಸು ಹತ್ತಿ ನೋಡಿರುವುದಿಲ್ಲ. ಒಂದನ್ನು ಮಾತ್ರ ಹೇಳಬಲ್ಲೆ. ಈಗಿನ ಪುರಾವೆಯ ಪ್ರಕಾರ ಹೆಚ್ಚು ಫಲ ಕೊಡುವ ಥೆರಪಿ ನಮ್ಮ ಮೇಜಿನ ಮೇಲೆ ಮಲಗಿಸಿ ಕಾಲು ಎಳೆಯುವುದಲ್ಲ. ಮಗು ತಾನೇ ಮಾಡಬೇಕೆಂದು ಬಯಸುವ ಒಂದು ಕೆಲಸವನ್ನು, ಅದು ನಡೆಯುವ ಜಾಗದಲ್ಲಿಯೇ, ಅಂದರೆ ಮನೆಯಲ್ಲಿಯೇ, ಮತ್ತೆ ಮತ್ತೆ ಮಾಡಿಸುವುದು. ಆದ್ದರಿಂದ ತಿಂಗಳಿಗೊಮ್ಮೆ ಬಂದು, ಕಲಿತು, ಮನೆಯಲ್ಲಿ ಮಾಡಿಸುವ ಹಾಗೆ ಯೋಜನೆ ಹಾಕಿಕೊಡಿ ಎಂದು ನೀವು ಕೇಳಬಹುದು. ಕೇಳಲೇಬೇಕು. ಹನ್ನೊಂದು ವರ್ಷಕ್ಕೆ ಬಾಗಿಲು ಮುಚ್ಚಿಲ್ಲ. ಕೂರಿಸುವ ವ್ಯವಸ್ಥೆ, ನೋವಿಲ್ಲದ ಸೊಂಟ, ನುಂಗುವುದು, ಸಂವಹನ, ಇವೆಲ್ಲದರಲ್ಲಿ ಮಾಡಬಹುದಾದದ್ದು ಬಹಳ ಇದೆ.


ಊರುಗೋಲು, ಕೆ.ಆರ್. ನಗರ

ಇಲ್ಲಿ ಎಲ್ಲರೂ ಅಪ್ಪ ಅಮ್ಮಂದಿರು. ನಾನು ಆ ಮಗು. ನನಗೀಗ 29 ವರ್ಷ, ಸೆರೆಬ್ರಲ್ ಪಾಲ್ಸಿ ಇದೆ, ಎರಡು ಊರುಗೋಲುಗಳಲ್ಲಿ ನಡೆಯುತ್ತೇನೆ, ಲೆಕ್ಕಪತ್ರ ಬರೆಯುವ ಕೆಲಸ ಮಾಡುತ್ತೇನೆ.

ನನ್ನನ್ನೂ ಚಿಕ್ಕಂದಿನಲ್ಲಿ ಎಣ್ಣೆ ಹಾಕುವವರ ಬಳಿಗೆ, ಮೂಳೆ ಕೂಡಿಸುವವರ ಬಳಿಗೆ, ಹರಕೆಗೆ ಎಂದು ಊರೂರು ತಿರುಗಿಸಿದರು. ಸ್ಟೆಮ್ ಸೆಲ್ ಆಗ ಇರಲಿಲ್ಲ. ಇದ್ದಿದ್ದರೆ ಅಲ್ಲಿಗೂ ಒಯ್ಯುತ್ತಿದ್ದರು. ಪ್ರತಿ ಸಲ ಹೋಗುವಾಗ ಅಮ್ಮನ ಮುಖದಲ್ಲಿ ಒಂದು ಕಳೆ ಇರುತ್ತಿತ್ತು, ಬರುವಾಗ ಇರುತ್ತಿರಲಿಲ್ಲ. ನಾನು ಸರಿಹೋಗದ್ದಕ್ಕೇ ಹೀಗಾಗುತ್ತಿದೆ ಎಂದು ಏಳೆಂಟು ವರ್ಷದ ನನಗೆ ತೋರುತ್ತಿತ್ತು. ಮಾತು ತೊದಲುತ್ತಿದ್ದುದರಿಂದ ಶಾಲೆಯಲ್ಲಿ ಯಾರೂ ನನ್ನ ಉತ್ತರಕ್ಕಾಗಿ ಕಾಯುತ್ತಿರಲಿಲ್ಲ. ಹತ್ತನೇ ವಯಸ್ಸಿನಲ್ಲಿ ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. ಅಲ್ಲಿ ಚಿತ್ರ ಮತ್ತು ಅಕ್ಷರಗಳ ಒಂದು ಹಲಗೆ ಮಾಡಿಕೊಟ್ಟು, ಬೆರಳಿನಿಂದ ತೋರಿಸು ಎಂದರು. ಮೊದಲ ದಿನ ನಾನು ತೋರಿಸಿದ್ದು "ಸಾಕು" ಎಂಬ ಪದವನ್ನು. ಅಮ್ಮ ಅದನ್ನು ಊಟ ಸಾಕೆಂದು ತಿಳಿದಳು.

ಕಬ್ಬಿನಗದ್ದೆಯವರೇ, ನಾಳೆ ಮಗಳು ಕೇಳಿದರೆ ಏನು ಹೇಳುವುದೆಂದು ನಿಮ್ಮ ಮನೆಯವರು ಕೇಳಿದ್ದಾರೆ. ಆ ಮಗಳ ಸ್ಥಾನದಲ್ಲಿ ನಿಂತು ಹೇಳುತ್ತೇನೆ: ಸೈಟು ಯಾಕೆ ಮಾರಲಿಲ್ಲ ಎಂದು ನಾನು ಕೇಳುವುದಿಲ್ಲ. ಶಾಲೆಗೆ ಯಾಕೆ ಎರಡು ವರ್ಷ ತಡವಾಗಿ ಸೇರಿಸಿದಿರಿ, ಮೆಟ್ಟಿಲಿಗೆ ಕಂಬಿ ಯಾಕೆ ಹಾಕಿಸಲಿಲ್ಲ ಎಂದು ಕೇಳಿದ್ದೇನೆ, ಅವಳೂ ಕೇಳಬಹುದು.


ಕಬ್ಬಿನಗದ್ದೆ, ಪಾಂಡವಪುರ ತಾಲ್ಲೂಕು

ಊರುಗೋಲು ಅವರು ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಹೆಂಡತಿ ಏನೂ ಹೇಳಲಿಲ್ಲ, ಮಗಳನ್ನು ಎತ್ತಿಕೊಂಡು ಹೊರಗೆ ಹೋದಳು.

ನಿನ್ನೆ ಆಸ್ಪತ್ರೆಯವರಿಗೆ ಫೋನ್ ಮಾಡಿ, ಇದು ಪ್ರಯೋಗವೋ ಚಿಕಿತ್ಸೆಯೋ ಎಂದು ಕೇಳಿದೆ. ಚಿಕಿತ್ಸೆ ಎಂದರು. ಹಾಗಾದರೆ ಯಾರು ಒಪ್ಪಿಗೆ ಕೊಟ್ಟಿದ್ದಾರೆ ಎಂದೆ. ನಮ್ಮದೇ ನೀತಿ ಸಮಿತಿ ಇದೆ, ಸಂಶೋಧನೆಯ ಅಡಿಯಲ್ಲಿ ಮಾಡುತ್ತೇವೆ ಎಂದರು. ಸಂಶೋಧನೆಯಾದರೆ ಹಣವೇಕೆ ಎಂದದ್ದಕ್ಕೆ, ಸರ್ ನೀವು ಯಾರೋ ಹೇಳಿದ್ದನ್ನು ಕೇಳಿ ಮಗುವಿನ ಭವಿಷ್ಯ ಹಾಳು ಮಾಡಬೇಡಿ ಎಂದು ಸಿಟ್ಟಾದರು. ಕಾನೂನು ಬಲ್ಲವರು ಇದ್ದರೆ ತಿಳಿಸಿ. ಅಸ್ಥಿಮಜ್ಜೆ ಚಿಕಿತ್ಸೆಗೆ ಸರ್ಕಾರದ ಒಪ್ಪಿಗೆ ಇದೆ ಎಂದದ್ದು ಸುಳ್ಳೇ?


ಮದ್ದೂರಿನ ವಕೀಲೆ

ಅರ್ಧ ಸತ್ಯ, ಆದ್ದರಿಂದಲೇ ಅಪಾಯಕಾರಿ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯದಂಥ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿ ಒಪ್ಪಿತ ಚಿಕಿತ್ಸೆಯೇ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಅಂಥ ಕೆಲವು ರಕ್ತಸಂಬಂಧಿ ಕಾಯಿಲೆಗಳನ್ನು ಬಿಟ್ಟು ಉಳಿದೆಲ್ಲದಕ್ಕೂ ಸ್ಟೆಮ್ ಸೆಲ್ ಬಳಕೆ ಪ್ರಾಯೋಗಿಕವೇ ಆಗಿದ್ದು, ಅನುಮತಿ ಪಡೆದು ಜನರ ಮೇಲೆ ನಡೆಸುವ ಪ್ರಯೋಗವಾದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ಕೊಡಬಹುದು. ಸೆರೆಬ್ರಲ್ ಪಾಲ್ಸಿ ಒಪ್ಪಿತ ಪಟ್ಟಿಯಲ್ಲಿಲ್ಲ. ಟ್ರಯಲ್ ಎಂದಮೇಲೆ ಭಾಗವಹಿಸುವವರಿಂದ ಹಣ ಪಡೆಯುವಂತಿಲ್ಲ. ತೊಂದರೆಯಾದರೆ ಉಚಿತ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕೆಂದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ಹೀಗಾಗಿ ನಿಮ್ಮ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಪ್ರಯೋಗವಾದರೆ ಹಣ ಕೇಳಬಾರದು, ಹಣ ಕೇಳಿದರೆ ಅದನ್ನು ಪ್ರಯೋಗವೆಂದು ಕರೆಯಬಾರದು. ಅವರು ಒಂದೇ ಫೋನಿನಲ್ಲಿ ಎರಡನ್ನೂ ಹೇಳಿದ್ದಾರೆ.

ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಟ್ರಯಲ್‌ಗಳನ್ನು ದಾಖಲಿಸುವುದು 2009ರಿಂದ ಕಡ್ಡಾಯ, ಯಾರು ಬೇಕಾದರೂ ಅಲ್ಲಿ ಹುಡುಕಿ ನೋಡಬಹುದು. ಆದರೆ ನೋಂದಣಿ ಸಂಖ್ಯೆ ತೋರಿಸಿದ ಮಾತ್ರಕ್ಕೆ ಸುಮ್ಮನಾಗಬೇಡಿ. ನೋಂದಣಿಯೇ ಬೇರೆ, ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿಯೇ ಬೇರೆ. ಕಲ್ಯಾಣ ಮಂಟಪದ ಪ್ರಚಾರದ ಬಗ್ಗೆ ಹೇಳುವುದಾದರೆ, 1954ರ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯ ಪಟ್ಟಿಯಲ್ಲಿ ಪಾರ್ಶ್ವವಾಯುವೂ ಮೆದುಳಿನ ಕಾಯಿಲೆಗಳೂ ಇವೆ; ಅವುಗಳನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದು ಅಪರಾಧ. ಆಟಿಸಂಗೆ ಸ್ಟೆಮ್ ಸೆಲ್ ಶಿಫಾರಸು ಮಾಡಬಾರದು, ಪ್ರಚಾರ ಮಾಡಿದರೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರ ಡಿಸೆಂಬರ್‌ನಲ್ಲಿ ಹೇಳಿತ್ತು. ಅದು ಆಟಿಸಂಗೆ ಸಂಬಂಧಿಸಿದ್ದು ನಿಜ, ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ತಿಳಿಯುತ್ತದೆ. ಶಿಬಿರದ ಕರಪತ್ರ ಎಸೆಯಬೇಡಿ. ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯುವಾಗ ಬೇಕಾಗುತ್ತದೆ.


ಚಾಮುಂಡಿಪುರಂ ಸೊಸೆ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಮೊದಲ ಮಗುವಿಗೆ ಸೆರೆಬ್ರಲ್ ಪಾಲ್ಸಿ ಇದೆ, ಈಗ ಆರು ತಿಂಗಳ ಗರ್ಭಿಣಿ. ಈ ಮಗುವಿನ ಹೊಕ್ಕುಳಬಳ್ಳಿ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಇಟ್ಟರೆ ದೊಡ್ಡವನಿಗೆ ಬಳಸಬಹುದೆಂದು ಪ್ರತಿನಿಧಿಯೊಬ್ಬರು ದಿನಾ ಫೋನ್ ಮಾಡುತ್ತಿದ್ದಾರೆ.


ನಿವೃತ್ತ ಉಪನ್ಯಾಸಕ, ಕುವೆಂಪುನಗರ

ಮುಂದೆಂದೋ ಬೇಕಾದೀತೆಂದು ಖಾಸಗಿಯಾಗಿ ಶೇಖರಿಸಿಡುವುದನ್ನು ವೈದ್ಯಕೀಯ ಸಂಶೋಧನಾ ಮಂಡಳಿ ಶಿಫಾರಸು ಮಾಡುವುದಿಲ್ಲ ತಾಯಿ. ಮನೆಯಲ್ಲಿ ಈಗಾಗಲೇ ಕಸಿ ಬೇಕಾಗುವಂಥ ರಕ್ತದ ಕಾಯಿಲೆಯವರಿದ್ದರೆ ಮಾತು ಬೇರೆ. ಇನ್ನೊಂದು, ಆ ರಕ್ತ ಶೇಖರಿಸುವ ಆತುರದಲ್ಲಿ ಬಳ್ಳಿಯನ್ನು ಬೇಗ ಕತ್ತರಿಸಲು ಬಿಡಬೇಡಿ. ಹುಟ್ಟಿದ ಒಂದು ನಿಮಿಷವಾದರೂ ಕಳೆದ ಮೇಲೆ ಕತ್ತರಿಸಿದರೆ ಆ ರಕ್ತ ಮಗುವಿಗೇ ಹೋಗುತ್ತದೆ. ಮೊದಲ ಹೆರಿಗೆ ದಿನ ತುಂಬುವ ಮೊದಲೇ ಆಗಿದ್ದರೆ ಅದನ್ನು ಹೆರಿಗೆ ವೈದ್ಯರಿಗೆ ಮುಂಚಿತವಾಗಿಯೇ ಹೇಳಿ. ಅವಧಿಪೂರ್ವ ಹೆರಿಗೆ ಎದುರಾದರೆ ತಾಯಿಗೆ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಮಗುವಿಗೆ ಸೆರೆಬ್ರಲ್ ಪಾಲ್ಸಿ ಬರುವ ಸಾಧ್ಯತೆಯನ್ನು ತಗ್ಗಿಸುತ್ತದೆಂಬುದಕ್ಕೆ ಒಳ್ಳೆಯ ಪುರಾವೆ ಇದೆ.


ಹನ್ನೊಂದರ ಅಪ್ಪ, ಹುಣಸೂರು

ಹೋದರೆ ಹಣ ಹೋಗುತ್ತದೆ, ಮಗುವಿಗೇನೂ ಆಗುವುದಿಲ್ಲವಲ್ಲ ಎಂದುಕೊಂಡಿದ್ದೆ. ಅದೂ ಸುಳ್ಳೇ?


ನಿವೃತ್ತ ಉಪನ್ಯಾಸಕ, ಕುವೆಂಪುನಗರ

ಬಹುಪಾಲು ಮಕ್ಕಳಿಗೆ ದೊಡ್ಡ ಅಪಾಯವಾಗುವುದಿಲ್ಲ. ತಲೆನೋವು, ವಾಂತಿ, ಜ್ವರ ಇದ್ದು ಹೋಗುತ್ತವೆ. ಕೆಲವರಿಗೆ ಫಿಟ್ಸ್ ಬಂದದ್ದು ದಾಖಲಾಗಿದೆ, ಮೊದಲೇ ಫಿಟ್ಸ್ ಇರುವ ಮಕ್ಕಳಲ್ಲಿ ಇದು ಸಣ್ಣ ವಿಷಯವಲ್ಲ. ಬೇರೆಯವರ ಕೋಶಗಳನ್ನು ಮೆದುಳಿಗೇ ಹಾಕಿದಾಗ ಆದದ್ದು ಇನ್ನೂ ಕೆಟ್ಟದ್ದು. ಬೇರೊಂದು ನರರೋಗವಿದ್ದ ಇಸ್ರೇಲ್‌ನ ಒಬ್ಬ ಹುಡುಗನಿಗೆ ಮಾಸ್ಕೊದಲ್ಲಿ ಭ್ರೂಣದ ನರಕೋಶಗಳನ್ನು ಹಾಕಿಸಿದ್ದರು. ಅವನ ಮೆದುಳಿನಲ್ಲಿ ಬೆಳೆದ ಗಡ್ಡೆ ಆ ದಾನಿಗಳ ಕೋಶಗಳದ್ದೇ ಎಂದು 2009ರಲ್ಲಿ ಪ್ರಕಟವಾಯಿತು. ಮಗುವಿನದೇ ಮಜ್ಜೆಯ ವಿಷಯದಲ್ಲಿ ಇಂಥದ್ದಾಗುತ್ತದೆಂದು ನಾನು ಹೆದರಿಸುತ್ತಿಲ್ಲ. ಎಲ್ಲಿಂದ ತೆಗೆದ ಕೋಶ, ಎಲ್ಲಿಗೆ ಹಾಕುತ್ತೀರಿ ಎಂದು ಕೇಳದೆ ಸಹಿ ಹಾಕಬೇಡಿ ಎನ್ನುತ್ತಿದ್ದೇನೆ.


ಕಬ್ಬಿನಗದ್ದೆ, ಪಾಂಡವಪುರ ತಾಲ್ಲೂಕು

ತಡವಾಗಿ ಬರೆಯುತ್ತಿದ್ದೇನೆ, ಕಟಾವು ನಡೆಯುತ್ತಿತ್ತು. ಮೊನ್ನೆ ಬೆಳಗಿನ ಪ್ಯಾಸೆಂಜರ್ ರೈಲಿಗೆ ಮೈಸೂರಿಗೆ ಹೋಗಿ ಎಕ್ಸ್-ರೇ ಮಾಡಿಸಿದೆವು. ಎಡಗಡೆಯ ಗುಂಡು ಬಟ್ಟಲಿನಿಂದ 34 ಶೇಕಡಾ ಆಚೆ ಬಂದಿದೆಯಂತೆ, ಬಲಗಡೆ 22. ಮೂವತ್ತು ದಾಟಿದರೆ ಎಚ್ಚರದಿಂದಿರಬೇಕು ಎಂದು ಮೂಳೆ ವೈದ್ಯರು ಹೇಳಿ, ಒಳತೊಡೆಯ ಸ್ನಾಯುಗಳಿಗೆ ಬಿಗಿತ ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಕೊಟ್ಟು ನೋಡೋಣ, ಕಾಲಿಗೆ ಸ್ಪ್ಲಿಂಟ್ ಹಾಕೋಣ, ಆರು ತಿಂಗಳಿಗೆ ಮತ್ತೆ ಎಕ್ಸ್-ರೇ ತೆಗೆಯೋಣ, ಇನ್ನೂ ಸರಿದರೆ ಆಪರೇಷನ್ ಬಗ್ಗೆ ಮಾತನಾಡೋಣ ಎಂದರು. ಹಂತ ಮೂರು ಎಂದು ಬರೆದುಕೊಟ್ಟಿದ್ದಾರೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ರಾಷ್ಟ್ರೀಯ ಟ್ರಸ್ಟ್‌ನ ನಿರಾಮಯ ವಿಮೆಗೂ ಅರ್ಜಿ ಹಾಕುತ್ತಿದ್ದೇವೆ. ವರ್ಷಕ್ಕೆ ಒಂದು ಲಕ್ಷದವರೆಗೆ ಸಿಗುವ ಆ ವಿಮೆಯಲ್ಲಿ ಥೆರಪಿಯ ಖರ್ಚೂ ಸೇರುತ್ತದೆಂದು ಅಲ್ಲಿ ಸಿಕ್ಕಿದ ಇನ್ನೊಬ್ಬ ತಂದೆ ಹೇಳಿದರು.

ಸೈಟು ಮಾರುತ್ತಿಲ್ಲ. ಮುಂಗಡದ ಗಡುವು ಮುಗಿದ ಮೇಲೂ ಆಸ್ಪತ್ರೆಯಿಂದ ಫೋನ್ ಬರುತ್ತಿದೆ, ರಿಯಾಯಿತಿ ಇನ್ನೂ ಇದೆಯಂತೆ. ಭಾವ ಮಾತು ಬಿಟ್ಟಿದ್ದಾರೆ. ನನ್ನ ಮನಸ್ಸು ಪೂರ್ತಿ ತಿಳಿಯಾಗಿದೆ ಎಂದು ಹೇಳಲಾರೆ.

ಒಂದು ಸಹಾಯ ಬೇಕು. ಫಿಸಿಯೊ ಅವರು ನೆಲದಲ್ಲಿ ಕೂರಿಸುವ ಮೂಲೆ ಕುರ್ಚಿ ಮಾಡಿಸಿ ಎಂದಿದ್ದಾರೆ. ನಮ್ಮೂರಿನ ಬಡಗಿ ಅಳತೆ ಕೇಳುತ್ತಿದ್ದಾರೆ. ಯಾರಾದರೂ ಮಾಡಿಸಿದ್ದೀರಾ?


ಇಬ್ಬರ ತಾಯಿ, ಸರಸ್ವತಿಪುರಂ

ನಮ್ಮದು ಅಟ್ಟದ ಮೇಲಿದೆ, ಮಗನಿಗೆ ಚಿಕ್ಕದಾಯಿತು. ಬೇಕಾದರೆ ಅದನ್ನೇ ತೆಗೆದುಕೊಂಡು ಹೋಗಿ. ಹೊಸದು ಮಾಡಿಸುವುದಾದರೆ ಹೀಗೆ ಹೇಳಿ: ಬೆನ್ನಿಗೆ ಎರಡು ಹಲಗೆ, ಮನೆಯ ಮೂಲೆಯಂತೆ ಒಂದಕ್ಕೊಂದು ಕೂಡಿರಬೇಕು, ಎತ್ತರ ಭುಜದವರೆಗೆ. ಕೂರುವ ಹಲಗೆಯ ಉದ್ದ ಮಗುವಿನ ಹಿಂಭಾಗದಿಂದ ಮಂಡಿಯ ಹಿಂದಿನವರೆಗೆ ಅಳೆದು ಎರಡು ಬೆರಳು ಕಡಿಮೆ. ತೊಡೆಗಳ ನಡುವೆ ಬರುವಂತೆ ಒಂದು ಗುಂಡಗಿನ ಮರದ ತುಂಡು, ಅದಕ್ಕೆ ದಪ್ಪ ಸ್ಪಂಜು ಸುತ್ತಿ ರೆಕ್ಸಿನ್ ಹೊಲಿಸಿ. ಕಾಲು ಕತ್ತರಿಯಾಗುವುದನ್ನು ತಡೆಯುವುದು ಅದೇ. ಮುಂದಿನ ತಟ್ಟೆ ಮೊಣಕೈ ಎತ್ತರಕ್ಕೆ, ಅಂಚಿಗೆ ಒಂದು ಪಟ್ಟಿ ಹೊಡೆಸಿ, ಇಲ್ಲದಿದ್ದರೆ ಇಟ್ಟದ್ದೆಲ್ಲ ಉರುಳಿಹೋಗುತ್ತದೆ. ಮೊಳೆಯ ಬದಲು ಸ್ಕ್ರೂ ಹಾಕಲು ಹೇಳಿ, ಬೆಳೆದಂತೆ ಬದಲಿಸಬಹುದು. ನಾವು ಮೊಳೆ ಹೊಡೆಸಿದ್ದೆವು.